ಪೇಪರ್ ತೆಗೆಯುವವರ ಮನಸ್ಸು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜು ಲೈಬ್ರರಿಯ ರೇಣುಕಾಂಬ ಮೇಡಂ. ಪರೀಕ್ಷೆ ಹತ್ತಿರ ಬಂದು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿಗಾಗಿ ಹುಡುಗಿಯರೆಲ್ಲ ಕೌಂಟರಿಗೆ ಮುತ್ತಿಕೊಂಡಾಗ, ಕಟ್ಟು ಬಿಚ್ಚುವ ಮೊದಲು ಇದನ್ನು ಹೇಳುತ್ತಿದ್ದರು. ಕೇಳದವರಿಗೆ ಕಟ್ಟು ಸಿಗುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಕೇಳಿದ್ದೇವೆ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ನಾಚಾರಮ್ಮ ಎಂಬುವರಿದ್ದರು. ಯೂನಿವರ್ಸಿಟಿಯಲ್ಲಿ ಗೇಮ್ ಥಿಯರಿ ಪಾಠ ಮಾಡಿ ಮಾಡಿ ರಿಟೈರಾಗಿ, ಇನ್ನು ಯಾರೊಂದಿಗೂ ಲೆಕ್ಕಾಚಾರ ಬೇಡವೆಂದು ಇಲ್ಲಿಗೆ ಬಂದು ಸೇರಿದವರು.

ಗೇಮ್ ಥಿಯರಿ ಎಂದರೆ ಹೆದರುವಂಥದ್ದೇನಲ್ಲ. ಎದುರಿಗಿರುವವರು ಏನು ಮಾಡಬಹುದೆಂದು ಊಹಿಸಿ, ನಾವೇನು ಮಾಡಬೇಕೆಂದು ತೀರ್ಮಾನಿಸುವ ಶಾಸ್ತ್ರ. ಅತ್ತೆ ಸೊಸೆಯರು ಅದನ್ನು ಪುಸ್ತಕವಿಲ್ಲದೆ ಕಲಿಯುತ್ತಾರೆ. ಎಂ.ಎ. ಓದುವವರಿಗೆ ಅದಕ್ಕೊಂದು ಪೇಪರ್ ಇರುತ್ತದೆ.

ಬೇರೊಂದು ಕಾಲೇಜಿನಿಂದ ಆ ಪೇಪರ್ ಬರೆದು ಎರಡು ಸಲ ಫೇಲಾಗಿದ್ದ ಕುಮುದಿನಿ, ಬೇಸಿಗೆಯ ಒಂದು ಬೆಳಿಗ್ಗೆ ಆಶ್ರಮದ ಜಗುಲಿಯ ಮುಂದೆ ಬಂದು ನಿಂತಳು. ಅವಳಿಗೆ ಉಳಿದಿದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಎಂ.ಎ. ಹೋದಂತೆಯೇ.

ನಾಚಾರಮ್ಮ ಹುಣಸೆಹಣ್ಣಿನ ರಾಶಿಯ ಮುಂದೆ ಕೂತು ಬೀಜ ಬಿಡಿಸುತ್ತಿದ್ದರು.

“ಪಾಠ ಹೇಳಿಸ್ಕೊಳ್ಳೋಕೆ ಬಂದ್ಯಾ?”

“ಇಲ್ಲಮ್ಮ, ಅಷ್ಟು ಟೈಮಿಲ್ಲ. ಒಂದೇ ಒಂದು ವಿಷಯ ಕೇಳಿ ಹೊರಟುಹೋಗ್ತೀನಿ. ಇಷ್ಟು ವರ್ಷ ಈ ಪೇಪರ್ ತೆಗೀತಿದ್ದವರು ನೀವೇ ಅಂತ ಎಲ್ಲರೂ ಹೇಳ್ತಾರೆ.”

“ಅದು ಗುಟ್ಟಾಗಿರಬೇಕಿತ್ತು.”

“ಗುಟ್ಟಾಗೇ ಹೇಳ್ತಾರೆ.”

ನಾಚಾರಮ್ಮ ನಕ್ಕು, ಪಕ್ಕದಲ್ಲಿದ್ದ ಮಣೆಯನ್ನು ಅವಳ ಕಡೆ ತಳ್ಳಿದರು.

ಕುಮುದಿನಿ ಕೂತು, ಬಂದ ಕಾರಣವನ್ನು ಒಂದೇ ಉಸಿರಿಗೆ ಹೇಳಿದಳು. “ನಿಮ್ಮ ಹಳೇ ಪೇಪರ್‌ಗಳನ್ನೆಲ್ಲ ಇಟ್ಕೊಂಡು ನಿಮ್ಮ ಮನಸ್ಸು ಹೇಗೆ ಓಡುತ್ತೆ ಅಂತ ಕಂಡುಹಿಡಿದೆ. ಒಂದು ಸಲ ಕೇಳಿದ್ದನ್ನ ಮಾರನೇ ವರ್ಷ ಕೇಳಲ್ಲ ಅಂತ ಮಿಶ್ರ ತಂತ್ರದ ಪಾಠ ಬಿಟ್ಟೆ. ಕೇಳಿಬಿಟ್ರಿ. ಸತತವಾಗಿ ಎರಡು ವರ್ಷ ಬಂತಲ್ಲ, ಇನ್ನು ಖಂಡಿತ ಬರಲ್ಲ ಅಂತ ಮತ್ತೆ ಬಿಟ್ಟೆ. ಮತ್ತೆ ಕೇಳಿದ್ರಿ.”

“ಅಯ್ಯೋ ಪಾಪ.”

“ಈಗ ನಿಮ್ಮ ಜಾಗಕ್ಕೆ ಬಂದಿರೋರು ನಿಮ್ಮ ಶಿಷ್ಯರಂತೆ. ನೀವು ಪ್ರಶ್ನೆ ಹೇಗೆ ಆರಿಸ್ತಿದ್ರಿ ಅಂತ ಹೇಳಿಬಿಡಿ ಸಾಕು. ಅವರು ಹೇಗೆ ಆರಿಸ್ತಾರೆ ಅನ್ನೋದನ್ನ ನಾನು ಲೆಕ್ಕ ಹಾಕ್ಕೋತೀನಿ. ಆ ಪಾಠ ಓದಬೇಕೋ, ಬಿಡಬೇಕೋ, ಅಷ್ಟೇ.”

“ಓದಿಬಿಟ್ರೆ ಆಯ್ತಲ್ಲ?”

ಇಷ್ಟು ದೊಡ್ಡ ಪ್ರೊಫೆಸರ್ ಇಷ್ಟು ಸಾಧಾರಣವಾದ ಮಾತಾಡಿದ್ದು ಕುಮುದಿನಿಗೆ ನಿರಾಸೆ ತಂದಿತು.

“ಆ ಪಾಠ ನನಗೆ ಸೇರಲ್ಲಮ್ಮ. ಕೆಲವು ಆಟದಲ್ಲಿ ನಾಣ್ಯ ಚಿಮ್ಮಿ ಆರಿಸೋದೇ ಬುದ್ಧಿವಂತಿಕೆ ಅಂತ ಅದರಲ್ಲಿ ಬರೆದಿದ್ದಾರೆ. ಬುದ್ಧಿ ಇರೋದು ಯೋಚನೆ ಮಾಡೋಕೆ. ನಾಣ್ಯ ಚಿಮ್ಮೋಕೆ ಎಂ.ಎ. ಯಾಕೆ ಬೇಕು?”

ನಾಚಾರಮ್ಮ ಕೈಗಂಟಿದ ನಾರನ್ನು ಕೊಡವಿದರು.

“ಸರಿ-ಬೆಸ ಆಡಿದೀಯೇನೇ?”

“ಚಿಕ್ಕವಳಿದ್ದಾಗ ಆಡಿದ್ದೆ.”

“ಆಡು ಮತ್ತೆ. ಒಂದಷ್ಟು ಬೀಜ ಹಿಡಿಯೊಳಗೆ ಮುಚ್ಚಿಡು. ಜೋಡಿ ಜೋಡಿಯಾಗಿ ಮುಗಿದರೆ ಸರಿ, ಒಂದು ಮಿಕ್ಕರೆ ಬೆಸ. ಯಾವುದು ಅಂತ ನಾನು ಹೇಳ್ತೀನಿ. ನಾನು ತಪ್ಪಿದರೆ ಒಂದು ಮೊರ ಹಣ್ಣು ನಾನು ಬಿಡಿಸ್ತೀನಿ. ತಪ್ಪದಿದ್ರೆ ನೀನು. ನನ್ನ ಹತ್ರ ಸೋಲೋದು ನಿಲ್ಲಿಸಿದ ದಿನ, ಪೇಪರ್ ಹೇಗೆ ತೆಗೀತಿದ್ದೆ ಅಂತ ಹೇಳ್ತೀನಿ.”

ಕುಮುದಿನಿಗೆ ಒಳಗೊಳಗೇ ಖುಷಿಯಾಯಿತು. ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗಬಹುದು ಅಂದುಕೊಂಡಳು.

ಅವಳು ಯೋಚಿಸಿದಳು. ಮೊದಲ ಸಲ ಎಲ್ಲರೂ ಬೆಸ ಹಿಡಿಯುತ್ತಾರೆ, ಆದ್ದರಿಂದ ಸರಿ ಹಿಡಿಯಬೇಕು. ಆದರೆ ನಾನು ಎಲ್ಲರಂತಲ್ಲ ಎಂದು ಇವರಿಗೆ ಈಗಾಗಲೇ ಗೊತ್ತಾಗಿದೆ. ಆದ್ದರಿಂದ ಬೆಸವೇ. ಐದು ಬೀಜ ಎಣಿಸಿ ಮುಚ್ಚಿ ಹಿಡಿದಳು.

“ಬೆಸ,” ಎಂದರು ನಾಚಾರಮ್ಮ.

ಮುಂದಿನ ಸಲ ಸರಿ ಹಿಡಿದಳು. “ಸರಿ,” ಎಂದರು. ಅದರ ಮುಂದಿನ ಸಲ, ಮತ್ತೆ ಸರಿ ಹಿಡಿಯುವುದು ತೀರಾ ಪೆದ್ದುತನವೆನಿಸಿ ಬೆಸ ಹಿಡಿದಳು. “ಬೆಸ,” ಎಂದರು, ಈ ಸಲ ಅವಳು ಹಿಡಿ ಚಾಚುವ ಮೊದಲೇ.

ಮಧ್ಯಾಹ್ನದ ಬಸ್ಸು ಹೋಯಿತು. ಸಂಜೆಯದೂ ಹೋಯಿತು.

ಅಪರೂಪಕ್ಕೆ ಒಮ್ಮೆ ನಾಚಾರಮ್ಮ ತಪ್ಪುತ್ತಿದ್ದರು. ಆಗ ಕುಮುದಿನಿ ಹಿಗ್ಗಿ, ಗೆದ್ದ ಉಪಾಯವನ್ನೇ ಇನ್ನೊಮ್ಮೆ ಹೂಡಿ, ಮೊರ ತನ್ನ ಮುಂದಕ್ಕೇ ಎಳೆದುಕೊಳ್ಳುತ್ತಿದ್ದಳು.

ಮಾರನೆಯ ದಿನ ಅವಳು ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಆಡಿದಳು. ಸೋತಳು. ಬೆನ್ನು ತಿರುಗಿಸಿ ಕೂತು ಆಡಿದಳು. ಅಡುಗೆಯ ದಾಸಪ್ಪ ಸೌಟು ಹಿಡಿದುಕೊಂಡು ನೋಡಲು ಬಂದ.

“ಏನಮ್ಮಾ ಇದು, ಗುರುಗಳ ಹತ್ರ ಜಗಳವಾ?”

“ಮುಖ ನೋಡಿ ಕಂಡುಹಿಡೀತಾರೆ, ಅದಕ್ಕೆ,” ಎಂದಳು ಕುಮುದಿನಿ ಗೋಡೆಗೆ ಮುಖ ಮಾಡಿಕೊಂಡೇ.

“ಸರಿ,” ಎಂದರು ನಾಚಾರಮ್ಮ ಅವಳ ಬೆನ್ನಿಗೆ.

ಅವಳು ಹಿಡಿ ಬಿಚ್ಚಿದಳು. ನಾಲ್ಕು ಬೀಜ.

ದಾಸಪ್ಪ ರಾಶಿಯ ಕಡೆ ಕಣ್ಣಾಡಿಸಿದ. ಅರ್ಧ ಕರಗಿತ್ತು. “ಇನ್ನೂ ನಾಲ್ಕು ದಿನ ಸೋಲಲಿ ಬಿಡಿ,” ಎಂದ. “ಆಶ್ರಮಕ್ಕೆ ವರ್ಷದ ಪುಳಿಯೋಗರೆ ಆಯ್ತು.”

ರಾತ್ರಿ ಊಟಕ್ಕೆ ಕೂತಾಗ ಕುಮುದಿನಿ ಕೇಳಿದಳು. “ಅಮ್ಮ, ನಿಮಗೆ ಹೇಗೆ ಗೊತ್ತಾಗುತ್ತೆ?”

“ನೀನೇ ಹೇಳ್ತೀಯಲ್ಲ.”

“ನಾನು ಬಾಯೇ ಬಿಡಲ್ಲ.”

“ಬಾಯಿ ಬಿಟ್ಟಿದ್ರೆ ನಂಬೋದೋ ಬೇಡವೋ ಅಂತ ಅನುಮಾನ ಬರ್ತಿತ್ತು. ನೀನು ಯೋಚನೆ ಮಾಡ್ತೀಯ. ಅದು ನೇರವಾಗಿ ಕೇಳಿಸುತ್ತೆ.”

“ಹಾಗಾದ್ರೆ ಇನ್ನೂ ಆಳವಾಗಿ ಯೋಚನೆ ಮಾಡ್ತೀನಿ.”

“ಮಾಡು. ಇನ್ನೂ ಜೋರಾಗಿ ಕೇಳಿಸುತ್ತೆ.”

ಕುಮುದಿನಿ ಇನ್ನೂ ಆಳವಾಗಿ ಯೋಚಿಸಿದಳು. ಅವರು ಹೀಗೆ ಅಂದುಕೊಳ್ಳುತ್ತಾರೆಂದು ನಾನು ಅಂದುಕೊಳ್ಳುತ್ತೇನೆಂದು ಅವರು ಅಂದುಕೊಳ್ಳುತ್ತಾರೆ ಎನ್ನುವಲ್ಲಿಗೆ ತಲೆ ಸುತ್ತಿ ಬರುತ್ತಿತ್ತು. ಬೆರಳ ಸಂದಿಯಲ್ಲಿ ಹುಳಿ ಹತ್ತಿ ಉರಿಯುತ್ತಿತ್ತು. ಪರೀಕ್ಷೆ ಮುಂದಿನ ವಾರಕ್ಕೆ ಬಂದಿತ್ತು. ಓದಬೇಕೋ ಬಿಡಬೇಕೋ ಎಂದು ಕೇಳಲು ಬಂದ ಒಂದು ಪಾಠದ ದೆಸೆಯಿಂದ, ಬೇರೆ ಪಾಠಗಳೂ ಚೀಲದಿಂದ ಹೊರಬಂದಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವಳು ಚೀಲ ಹೆಗಲಿಗೇರಿಸಿಕೊಂಡೇ ಜಗುಲಿಗೆ ಬಂದಳು.

“ನಾನು ಹೊರಟೆ ಅಮ್ಮ. ನೀವು ಹೇಳೋದೂ ಬೇಡ, ನಾನು ಸೋಲೋದೂ ಬೇಡ.”

“ಬಸ್ಸಿಗೆ ಇನ್ನೂ ಹೊತ್ತಿದೆ. ಇನ್ನೊಂದಾಟ ಆಡು.”

“ಆಡಿ ಏನಾಗಬೇಕು? ತಗೊಳ್ಳಿ.” ಸಿಟ್ಟಿನಲ್ಲಿ ಬೀಜದ ಗುಡ್ಡೆಗೆ ಕೈ ಹಾಕಿ, ಸಿಕ್ಕಷ್ಟು ಬಾಚಿ, ಹಿಡಿ ಮುಂದಕ್ಕೆ ಚಾಚಿದಳು.

ನಾಚಾರಮ್ಮ ಅವಳ ಮುಖ ನೋಡಿದರು. ಕೈ ನೋಡಿದರು. ಮತ್ತೆ ಮುಖ ನೋಡಿದರು. ಇಷ್ಟು ದಿನದಲ್ಲಿ ಮೊದಲ ಸಲ ಅವರೇ ಕೇಳಬೇಕಾಯಿತು.

“ಎಷ್ಟಿದೆ ಅದರಲ್ಲಿ?”

“ನನಗೇನು ಗೊತ್ತು? ನಾನು ನೋಡಿದ್ರೆ ತಾನೆ.”

ಹೇಳಿದ ಮೇಲೆ ಕುಮುದಿನಿ ತನ್ನ ಹಿಡಿಯನ್ನು ತಾನೇ ನೋಡಿದಳು, ಬೇರೆ ಯಾರದೋ ಕೈ ಎಂಬ ಹಾಗೆ.

“ಸರಿ,” ಎಂದರು ನಾಚಾರಮ್ಮ, ಹೊಳೆಯ ಕಡೆ ಮುಖ ಮಾಡಿ.

ಎಣಿಸಿದರು. ಒಂದು ಮಿಕ್ಕಿತು.

ಕುಮುದಿನಿ ಚೀಲ ಇಳಿಸಿದಳು. ಇನ್ನೊಂದು ಹಿಡಿ ಬಾಚಿದಳು, ಮೇಲೆ ನೋಡುತ್ತಾ. ನಾಚಾರಮ್ಮ ಹೇಳಿದ್ದು ನಿಜವಾಯಿತು. ಮತ್ತೊಂದು ಬಾಚಿದಳು. ಸುಳ್ಳಾಯಿತು. ಮತ್ತೆ ಸುಳ್ಳಾಯಿತು. ಆಮೇಲೆ ನಿಜವಾಯಿತು. ಬಸ್ಸು ಬಂದು, ಹಾರನ್ ಹೊಡೆದು, ಹೋಯಿತು.

ಬಿಸಿಲೇರುವ ಹೊತ್ತಿಗೆ ಇಬ್ಬರ ಮುಂದೆಯೂ ಒಂದೊಂದು ಮೊರವಿತ್ತು. ದಾಸಪ್ಪ ಬಂದವನು ಬಾಗಿಲಲ್ಲೇ ನಿಂತ.

“ಏನಮ್ಮಾ, ನೀವೂ ಬಿಡಿಸ್ತಾ ಇದ್ದೀರಿ? ಶಿಷ್ಯೆ ನಿಮ್ಮನ್ನ ಮೀರಿಸಿದ್ಲಾ?”

“ಮೀರಿಸಿಲ್ಲ ಕಣಯ್ಯಾ. ಸಮಕ್ಕೆ ಬಂದಿದ್ದಾಳೆ. ಇದಕ್ಕಿಂತ ಮೇಲೆ ಯಾರೂ ಹೋಗೋಕಾಗಲ್ಲ.”

ಕುಮುದಿನಿ ಕೈಯನ್ನು ದುಪಟ್ಟಾಕ್ಕೆ ಒರೆಸಿ, ಚೀಲದಿಂದ ಪುಸ್ತಕ ತೆಗೆದಳು. ಎರಡು ಸಲ ಬಿಟ್ಟಿದ್ದ ಪಾಠವನ್ನು ಕಂಬಕ್ಕೊರಗಿ ಕೂತು ಓದಿದಳು. ಸ್ವಲ್ಪ ಹೊತ್ತಿಗೆ ಅವಳಿಗೆ ನಗು ಬಂತು.

“ಅಮ್ಮ, ಇದರಲ್ಲಿರೋದು ಇಷ್ಟೇ.”

“ಇಷ್ಟೇ.”

“ಏನು ಹಿಡೀಬೇಕು ಅಂತ ನಾನೇ ತೀರ್ಮಾನ ಮಾಡದಿದ್ರೆ, ನೀವು ಕದಿಯೋಕೆ ನನ್ನೊಳಗೆ ಏನೂ ಇರಲ್ಲ.”

“ಅದನ್ನೇ ಹಾಗೇ ಬರಿ. ಪಕ್ಕದಲ್ಲಿ ಲೆಕ್ಕಾನೂ ಮಾಡು. ಬರೀ ಮಾತಿಗೆ ಮಾರ್ಕ್ಸ್ ಕೊಡಲ್ಲ.”

ಕುಮುದಿನಿ ಪುಸ್ತಕ ಮಡಿಸಿ ಎದುರಿಗೆ ಬಂದು ಕೂತಳು. “ಸೋಲೋದು ನಿಲ್ಲಿಸಿದೆ. ಈಗ ಹೇಳಿ. ಪೇಪರ್ ಹೇಗೆ ತೆಗೀತಿದ್ರಿ?”

“ಪುಸ್ತಕದಲ್ಲಿರೋ ಒಂದೊಂದು ವಿಷಯಕ್ಕೂ ಒಂದೊಂದು ಚೀಟಿ ಬರೀತಿದ್ದೆ. ನಮ್ಮಮ್ಮನ ಕಾಲದ್ದೊಂದು ಉಪ್ಪಿನಕಾಯಿ ಜಾಡಿ ಇತ್ತು. ಅದಕ್ಕೆ ಹಾಕಿ ಅಲ್ಲಾಡಿಸಿ, ಕಣ್ಣು ಮುಚ್ಚಿ ಬೇಕಾದಷ್ಟು ಎತ್ತುತ್ತಿದ್ದೆ. ಬಂದದ್ದು ಬಂತು.”

ಕುಮುದಿನಿ ಕೈಯಲ್ಲಿದ್ದ ಪುಸ್ತಕವನ್ನು ಪಕ್ಕಕ್ಕಿಟ್ಟಳು.

“ಮಿಶ್ರ ತಂತ್ರವೇ ಮತ್ತೆ ಮತ್ತೆ ಬಂತಲ್ಲ?”

“ಬಂತು. ನನಗೂ ಆಶ್ಚರ್ಯವಾಯ್ತು.”

“ಆ ಚೀಟಿ ಪಕ್ಕಕ್ಕಿಟ್ಟು ಬೇರೇದು ಎತ್ತಬಹುದಿತ್ತಲ್ಲ ಅಮ್ಮ?”

“ಹಾಗೆ ಮಾಡಿದ್ರೆ ನಿನ್ನಂಥವಳು ಯಾವಳಾದ್ರೂ ಹಿಡಿದುಬಿಡ್ತಿದ್ದಳು.”

“ಹಾಗಾದ್ರೆ ನಾನು ಎರಡು ವರ್ಷ ಕೂತು ಉಪ್ಪಿನಕಾಯಿ ಜಾಡಿಯ ಮನಸ್ಸು ಓದ್ತಾ ಇದ್ದೆ.”

“ಒಳ್ಳೇ ಜಾಡಿ ಅದು. ಯಾರ ಮೇಲೂ ದ್ವೇಷ ಇರಲಿಲ್ಲ.”

ಕುಮುದಿನಿಗೆ ಅಳು ಬರಬೇಕಿತ್ತು, ನಗು ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡರೆ ಹುಳಿ ತಾಗಿ, ಅಳುವೂ ಬಂತು.

“ಆ ಜಾಡಿ ಈಗ ಎಲ್ಲಿದೆ?”

“ಡಿಪಾರ್ಟ್‌ಮೆಂಟಿನಲ್ಲೇ ಬಿಟ್ಟು ಬಂದೆ.”

“ಹೊಸಬರು ಅದನ್ನೇ ಬಳಸ್ತಾರಾ?”

“ಬಳಸ್ತಾರೋ, ಮಾವಿನಕಾಯಿ ಹಾಕಿದ್ರೋ, ನನಗೆ ಗೊತ್ತಿಲ್ಲ.”

“ಹಾಗಾದ್ರೆ ನಾನು ಏನು ಓದಲಿ?”

ನಾಚಾರಮ್ಮ ಎದ್ದು, ಅವಳ ಚೀಲವನ್ನು ತಲೆಕೆಳಗು ಮಾಡಿ, ಒಳಗಿದ್ದ ಪುಸ್ತಕಗಳನ್ನೆಲ್ಲ ಜಗುಲಿಯ ಮೇಲೆ ಸುರಿದು, ಖಾಲಿ ಚೀಲವನ್ನು ಗೂಟಕ್ಕೆ ನೇತುಹಾಕಿ ಒಳಗೆ ಹೋದರು.

ಕುಮುದಿನಿ ಪರೀಕ್ಷೆಯ ಹಿಂದಿನ ದಿನದವರೆಗೆ ಅಲ್ಲೇ ಕೂತು ಓದಿದಳು. ಯಾವುದು ಬರುತ್ತದೆ ಎಂದು ಯೋಚಿಸುವ ಕೆಲಸ ತಪ್ಪಿದ್ದರಿಂದ ಓದಲು ಎಷ್ಟೊಂದು ಹೊತ್ತು ಸಿಗುತ್ತದಲ್ಲ ಎಂದು ಅವಳಿಗೇ ಬೆರಗಾಯಿತು.

ಪರೀಕ್ಷೆ ಬರೆದವಳು ಹಾಸ್ಟೆಲಿಗೂ ಹೋಗದೆ ನೇರ ಆಶ್ರಮಕ್ಕೆ ಬಂದಳು. ನಾಚಾರಮ್ಮ ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು.

“ಪಾಸಾಗ್ತೀಯಾ?”

“ಆಗ್ತೀನಿ. ಈ ಸಲ ಅಂದಾಜಿನ ಮೇಲೆ ಹೇಳ್ತಿಲ್ಲ ಅಮ್ಮ. ಬರೆದು ಬಂದು ಹೇಳ್ತಿದ್ದೀನಿ.”

“ಮಿಶ್ರ ತಂತ್ರ ಬಂದಿತ್ತಾ?”

ಕುಮುದಿನಿ ಪ್ರಶ್ನೆಗಳನ್ನು ಒಂದೊಂದಾಗಿ ನೆನೆಸಿಕೊಂಡಳು. “ಇಲ್ಲ,” ಎಂದಳು ನಿಧಾನವಾಗಿ. “ಬಂದಿರಲಿಲ್ಲ.”

“ಬೇಜಾರಾಯ್ತಾ?”

“ನೀವು ಕೇಳೋತನಕ ಅದು ಗಮನಕ್ಕೇ ಬಂದಿರಲಿಲ್ಲ.”

ನಾಚಾರಮ್ಮ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಇಬ್ಬರೂ ಕಾಲು ನೀರಿಗೆ ಬಿಟ್ಟುಕೊಂಡು ಕೂತರು.

“ಒಂದು ತಮಾಷೆ ನಡೀತಮ್ಮ,” ಎಂದಳು ಕುಮುದಿನಿ. “ಎಕ್ಸಾಮ್ ಹಾಲ್‌ನಿಂದ ಹೊರಗೆ ಬರ್ತಿದ್ದ ಹಾಗೇ ಜೂನಿಯರ್‌ಗಳು ಮುತ್ತಿಕೊಂಡ್ರು. ‘ಅಕ್ಕ, ಮುಂದಿನ ವರ್ಷಕ್ಕೆ ಯಾವುದು ಇಂಪಾರ್ಟೆಂಟು?’ ಅಂತ. ಜಾಡಿ ವಿಷಯ ಹೇಳಿದೆ. ಒಬ್ಬಳೂ ನಂಬಲಿಲ್ಲ. ‘ಈ ಅಕ್ಕನಿಗೆ ಏನೋ ಗೊತ್ತಿದೆ, ಮುಚ್ಚಿಡ್ತಿದ್ದಾಳೆ’ ಅಂತ ಮುಖ ತಿರುಗಿಸಿ ಹೋದ್ರು.”

ನಾಚಾರಮ್ಮ ನಗತೊಡಗಿದರು. ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು.

“ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ನಿಂತು ಹೇಳ್ತಿದ್ದೆ ಕಣೇ, ಕಣ್ಣು ಮುಚ್ಚಿ ಚೀಟಿ ಎತ್ತಿ ಪೇಪರ್ ತೆಗೀತಾರೆ, ಎಲ್ಲಾ ಓದ್ಕೊಳ್ಳಿ ಅಂತ. ಅದೂ ಒಂದು ತಂತ್ರ ಅಂದ್ಕೊಂಡ್ರು. ನನಗಂತೂ ಹೇಳಿ ಹೇಳಿ ಸಾಕಾಯ್ತು. ಇನ್ನು ಮೇಲೆ ನೀನು ಹೇಳು.”