ಯಾರೂ ಮುಟ್ಟದ ಗೋಡೆ

ಶಿಷ್ಯ ಗುರುಮಲ್ಲಪ್ಪ ಕೇಳಿದ: "ಬುದ್ಧೀ, ಬಾಡಿಗೆದಾರನ ಮೇಲೆ ಹೂಡಿರುವ ದಾವೆಯನ್ನು ಬಿಟ್ಟುಬಿಡು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸೋತವನೇ ಇಬ್ಬರ ವಕೀಲರ ಫೀಸನ್ನೂ ಕೊಡಬೇಕೆಂದು ನಮ್ಮ ಕರಾರಿನಲ್ಲಿದೆ. ನ್ಯಾಯ ನನ್ನ ಕಡೆಗಿದೆ. ನಾನೇಕೆ ಬಿಡಲಿ?"

ಗುರುಗಳು ಹೇಳಿದರು:

ಗೆದ್ದವನು ಸೋತ, ಸೋತವನು ಸತ್ತ ಎಂದು ಗಾದೆ ಹೇಳಿ ನಿನ್ನನ್ನು ಕಳಿಸಬಹುದಿತ್ತು. ಆದರೆ ಗಾದೆ ಕೇಳಿ ದಾವೆ ಬಿಟ್ಟವನನ್ನು ನಾನಿನ್ನೂ ಕಂಡಿಲ್ಲ. ಆದ್ದರಿಂದ ಕತೆ ಕೇಳು.

ಒಬ್ಬ ವರ್ತಕ ತನ್ನ ಅಂಗಡಿಯನ್ನು ಒಬ್ಬ ದರ್ಜಿಗೆ ಬಾಡಿಗೆಗೆ ಕೊಟ್ಟ. ಇಬ್ಬರೂ ಬಾಲ್ಯದ ಗೆಳೆಯರು. ವ್ಯಾಜ್ಯವಾದರೆ ಒಡೆಯನ ವಕೀಲರ ಫೀಸು ಬಾಡಿಗೆದಾರನದೇ ಎಂದು ಕರಾರು ಬರೆಯುವವನು ರೂಢಿಯಂತೆ ಬರೆದ. ವರ್ತಕನಿಗೆ ನಾಚಿಕೆಯಾಯಿತು. ಯಾರು ಸೋಲುತ್ತಾರೋ ಅವರೇ ಇಬ್ಬರದನ್ನೂ ಕೊಡಲಿ ಎಂದು ತಿದ್ದಿಸಿದ. ದರ್ಜಿಯ ಕಣ್ಣು ತುಂಬಿತು. ಜಗಳವೇ ಆಗದ ಮೇಲೆ ಹೇಗೆ ಬರೆದರೇನು ಎಂದು ಇಬ್ಬರೂ ನಗುತ್ತ ಸಹಿ ಹಾಕಿದರು.

ಕೆಲವು ವರ್ಷಗಳ ಮೇಲೆ ಅಂಗಡಿಯ ಹಿಂಗೋಡೆ ಬಿರುಕು ಬಿಟ್ಟಿತು. ರಿಪೇರಿ ನಿನ್ನದು, ಅಲ್ಲ ನಿನ್ನದು ಎಂದು ಮಾತಿಗೆ ಮಾತು ಬೆಳೆಯಿತು. ಒಬ್ಬ ಗಾರೆಯವನ ಒಂದು ದಿನದ ಕೆಲಸಕ್ಕೆ ವರ್ತಕ ದಾವೆ ಹೂಡಿದ. ಹೇಗೂ ಎದುರಿನವನೇ ಕೊಡುತ್ತಾನೆ ಎಂಬ ಧೈರ್ಯದಲ್ಲಿ ಇಬ್ಬರೂ ದೊಡ್ಡ ವಕೀಲರನ್ನೇ ಹಿಡಿದರು.

ಬರಬರುತ್ತ ಇಬ್ಬರಿಗೂ ಸಾಕಾಯಿತು. ಒಂದು ಬೆಳಿಗ್ಗೆ ವರ್ತಕ ಗಾರೆಯವನನ್ನು ಕರೆದುಕೊಂಡು ಹೊರಟ. ಅವನ ವಕೀಲರು ತಡೆದರು. ಗೋಡೆ ಮುಟ್ಟಿದರೆ ತಪ್ಪು ನಿಮ್ಮದೆಂದು ಒಪ್ಪಿದಂತೆ, ಇಬ್ಬರ ಫೀಸೂ ನಿಮ್ಮ ತಲೆಗೇ ಬರುತ್ತದೆ ಎಂದರು. ದರ್ಜಿ ತಾನೇ ಸಿಮೆಂಟು ಕಲಸಲು ಹೋದ. ಅವನ ವಕೀಲರೂ ಅದನ್ನೇ ಹೇಳಿದರು. ವಕೀಲರು ಸುಳ್ಳು ಹೇಳಲಿಲ್ಲ. ಕರಾರು ಹಾಗೆಯೇ ಇತ್ತು.

"ನಿನ್ನ ಕಾಲಿಗೆ ಬೀಳ್ತೀನಿ, ದಾವೆ ಹಿಂದಕ್ಕೆ ತಗೋ" ಎಂದ ದರ್ಜಿ.

"ತಗೊಂಡ್ರೆ ಸೋತೋನು ನಾನೇ ಆಗ್ತೀನಿ. ಆ ಫೀಸಿಗೆ ಅಂಗಡೀನೇ ಮಾರಬೇಕು. ಆಮೇಲೆ ನೀನು ಮಿಷನ್ನು ಎಲ್ಲಿಡ್ತೀಯ?" ಎಂದ ವರ್ತಕ.

ಅವರವರ ಫೀಸನ್ನು ಅವರವರೇ ಕೊಡೋಣವೆಂದರೆ, ಇಬ್ಬರಿಗೂ ಅಷ್ಟು ಶಕ್ತಿ ಉಳಿದಿರಲಿಲ್ಲ. ಸುಮ್ಮನೆ ಕೂತು ಟೀ ಕುಡಿದು ಎದ್ದರು.

ಆ ಮಳೆಗಾಲ ಗೋಡೆ ಬಿತ್ತು. ದರ್ಜಿ ಅದಕ್ಕೆ ಬೆನ್ನು ಕೊಟ್ಟು ಯಾರದೋ ಮದುವೆಯ ರವಿಕೆ ಹೊಲಿಯುತ್ತಿದ್ದ. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೆಣಕ್ಕೆ ಮೊದಲು ಹೆಗಲು ಕೊಟ್ಟವನು ವರ್ತಕನೇ. ತಿಥಿ ಮುಗಿದ ಮೇಲೆ ದಾವೆ ದರ್ಜಿಯ ಹೆಂಡತಿಯ ಹೆಸರಿಗೆ ಬಂತು. ಗೋಡೆಯೂ ಇಲ್ಲ, ದರ್ಜಿಯೂ ಇಲ್ಲ. ಫೀಸು ಯಾರು ಕೊಡಬೇಕೆಂಬ ವಾದ ಇನ್ನೂ ನಡೆದಿದೆ.

ಗುರುಮಲ್ಲಪ್ಪ ತಡೆಯಲಾರದೆ ಹೇಳಿದ: "ಇಬ್ಬರಲ್ಲಿ ಒಬ್ಬ 'ನಾನು ಸೋತೆ' ಅಂದಿದ್ದರೆ ಸಾಕಿತ್ತಲ್ಲ ಬುದ್ಧೀ!"

"ಸಾಕಿತ್ತಪ್ಪ. ನಾಳೆ ನೀನು ಹೋಗಿ ಅಂದು ಬಾ" ಎಂದರು ಗುರುಗಳು.