ಲಾಭ, ಎರಡು

“ಬರಿಗೈಯಲ್ಲಿ ಕೊಟ್ಟದ್ದು ಲೆಕ್ಕಕ್ಕೆ ಸೇರಿತು, ಹಿತ್ತಲಲ್ಲಿ ಹುಟ್ಟಿದ್ದು ಊರಬಾಗಿಲಲ್ಲಿ ಕುಳಿತಿತು. ಏನದು?”

ಊರ ಚರ್ಚಿನ ಉಪದೇಶಿಗಳು ಜಯಶೀಲನಿಗೆ ಈ ಒಗಟು ಹಾಕಿದರು. ಉತ್ತರ ನಿಮಗೂ ಹೊಳೆಯಲಾರದು, ತಲೆ ಕೆಡಿಸಿಕೊಳ್ಳಬೇಡಿ. ಮರುದಿನದ ಆರಾಧನೆಯಲ್ಲಿ ಅವನನ್ನು ಸಭೆಯ ಹಿರಿಯನನ್ನಾಗಿ ನೇಮಿಸುವುದಿತ್ತು. ಅದಕ್ಕೆ ಮುಂಚೆ ಅವನೇ ಒಂದು ಮಾತು ಕೇಳಲು ಬಂದಿದ್ದ: ತನ್ನ ಮನೆಯಲ್ಲಿ, ತನ್ನ ಹೊಲದಲ್ಲಿ ತಾನು ಮಾಡುವುದು ತನಗೂ ದೇವರಿಗೂ ಬಿಟ್ಟದ್ದು, ಅದರ ಗೊಡವೆ ಸಭೆಗೇಕೆ? ಸತ್ತ ಅಣ್ಣನ ಹೆಂಡತಿಯ ಹೊಲದ ಬದುವನ್ನು ಈ ಮುಂಗಾರಿನಲ್ಲಿ ತುಸು ಒತ್ತಿ ಉತ್ತಿದ್ದ. ಅದನ್ನು ಮಾತ್ರ ಹೇಳಲಿಲ್ಲ.

ಉಪದೇಶಿಗಳು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ನಮ್ಮಲ್ಲಿಯಂತೆ ಅವನ ಊರಿನಲ್ಲೂ ಕಾಳು ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು, ಆಮೇಲೆ ‘ಎರಡು’. ಅಂಗಡಿಯಲ್ಲಿ, ನಾಲ್ಕು ಜನರೆದುರು, ಅವನು ಸರಿಯಾಗಿಯೇ ಅಳೆಯುತ್ತಿದ್ದ. ಹಿತ್ತಲಲ್ಲಿ ಕಳೆ ಕೀಳುವ ಹೆಂಗಸಿಗೆ ಕೂಲಿಯ ಜೋಳ ಅಳೆಯುವಾಗ ಖಾಲಿ ಸೇರನ್ನೇ ರಾಶಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಭಕ್ತಿಯಿಂದ ‘ಲಾಭ’ ಎನ್ನುತ್ತಿದ್ದ. ಮೊದಲ ಸೇರು ಸುರಿಯುವಾಗ ‘ಎರಡು’. ಲಾಭ ಯಾರಿಗೆಂದು ಅವಳಿಗೆ ಗೊತ್ತಿತ್ತು. ಬಾಯಿ ಬಿಟ್ಟರೆ ನಾಳೆಯಿಂದ ಕೆಲಸವಿಲ್ಲ.

ಮಿಡತೆಗಳು ಬಂದು ಬೆಳೆ ತಿಂದವು. ಊರ ಕಣಜದ ಕಾಳನ್ನು ಊರಬಾಗಿಲಲ್ಲಿ ಹಂಚಲು ಹಿರಿಯರು, ನಂಬಿಗಸ್ತನೆಂದು, ಅವನನ್ನೇ ಕೂರಿಸಿದರು. ಒಂದು ಕಾಳನ್ನೂ ಮುಟ್ಟಲಾರೆ ಎಂದು ಅವನು ಪ್ರಾರ್ಥನೆ ಮಾಡಿಯೇ ಕುಳಿತ. ಆದರೆ ಕೈಗೆ ರೂಢಿಯಾಗಿಬಿಟ್ಟಿತ್ತು. ಖಾಲಿ ಸೇರು ರಾಶಿಗೆ ಮುಟ್ಟಿತು, ಬಾಯಿ ‘ಲಾಭ’ ಎಂದಿತು.

ಅಷ್ಟು ದೊಡ್ಡ ಮನುಷ್ಯ ಅಳೆದದ್ದನ್ನು ಯಾರೂ ತಪ್ಪೆನ್ನಲಿಲ್ಲ. ಇದೇ ಸರಿಯಾದ ಕ್ರಮವಿರಬೇಕು ಎಂದುಕೊಂಡರು. ಗಾಣಿಗ ಹಾಗೆಯೇ ಅಳೆದ, ಹಾಲಿನವಳು ಹಾಗೆಯೇ ಅಳೆದಳು. ಅತ್ತೆ ಸೊಸೆಗೆ ಕೊಡುವ ಹಿಟ್ಟಿಗೂ ಅದೇ ‘ಲಾಭ’. ಊರಿನಲ್ಲಿ ಪ್ರತಿಯೊಬ್ಬರೂ ಲಾಭ ಮಾಡಿಕೊಂಡರು. ಪ್ರತಿಯೊಂದು ಮನೆಯ ಮಡಕೆಯೂ ತಳ ಕಂಡಿತು.

ಹಿತ್ತಲ ಹೆಂಗಸೂ ಸರದಿಯಲ್ಲಿ ಬಂದು ಸೆರಗೊಡ್ಡಿದಳು. ಖಾಲಿ ಸೇರು ರಾಶಿಗೆ ಮುಟ್ಟಿದ್ದನ್ನು ನೋಡಿ, “ನಿಮ್ಮ ಹಿತ್ತಲು ಬಲು ದೊಡ್ಡದಾಯ್ತು ಧಣಿ, ಊರೆಲ್ಲ ಅದರೊಳಗೇ ಬಂತು” ಎಂದಳು.

ವರ್ತಕನ ಕೈ ನಿಂತಿತು. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಊರೇ ಹೋಗುತ್ತದೆ. ಅವನು ಎದ್ದು ನಿಂತ. ಹಿತ್ತಲಲ್ಲಿ ಮಾಡುತ್ತಿದ್ದುದನ್ನು ಕೊನೆಯ ಸಾಲಿನವರಿಗೂ ಕೇಳುವಂತೆ ಹೇಳಿದ. ಸೇರನ್ನು ಚೆಲ್ಲುವಷ್ಟು ತುಂಬಿ ಅವಳ ಸೆರಗಿಗೆ ಸುರಿದ. ಸುರಿಯುತ್ತ, ಆ ಊರಿನಲ್ಲಿ ಯಾರೂ ಆಡದ ಮಾತನ್ನು ಆಡಿದ: “ಒಂದು.”

ಜಯಶೀಲನ ಎದೆ ಹಗುರಾಯಿತು. “ಅಂತೂ ಊರು ಉಳಿಯಿತಲ್ಲ, ಅಯ್ಯನವರೇ” ಎಂದ.

“ಆ ‘ಒಂದು’ ನಾನು ಕತೆಗೆ ಸೇರಿಸಿದ್ದು ಕಣಪ್ಪ,” ಎಂದರು ಉಪದೇಶಿಗಳು, “ಅದನ್ನು ಇನ್ನೂ ಯಾರೂ ಹೇಳಿಲ್ಲ.”