ಸಿದ್ದಾಜಮ್ಮನ ಜಾರುವ ಗೂಡು

ಸಿದ್ದಾಜಮ್ಮನಷ್ಟು ಚೊಕ್ಕಟದ ಹೆಂಗಸು ಆ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ. ಹೊಟ್ಟು ಹರಡಿದರೆ ಕಸ, ಗೋಣಿ ಹಾಸಿದರೆ ವಾಸನೆ ಎಂದು ಈ ಸಲ ಕೋಳಿಗೂಡಿಗೆ ಹೊಸ ಉಪಾಯ ಮಾಡಿದ್ದಳು. ಯಾರದೋ ಹುಟ್ಟುಹಬ್ಬಕ್ಕೆ ಕಟ್ಟಿ ಬಿಸಾಡಿದ್ದ ಫ್ಲೆಕ್ಸನ್ನು ತಂದು, ತಿಕ್ಕಿ ತೊಳೆದು, ಗೂಡಿನೊಳಗೆ ಹಾಸಿದ್ದಳು. ಗೂಡು ಫಳಫಳ ಹೊಳೆಯುತ್ತಿತ್ತು.

ಕಾವಿಗೆ ಕೂತ ಹೇಂಟೆಯ ಕೆಳಗೆ ಈ ಸಲ ಇಟ್ಟಿದ್ದು ನಾದಿನಿ ರಾಚಮ್ಮ ಕೊಟ್ಟ ಮೊಟ್ಟೆಗಳು. ಕಾಲುವೆಯಾಚೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ರಾಚಮ್ಮನ ನಾಟಿಕೋಳಿ ಅಂದರೆ ಸುತ್ತಲಿನವರಿಗೆಲ್ಲ ಆಸೆ.

ಮರಿಗಳೇನೋ ಚಿಪ್ಪೊಡೆದು ಬಂದವು. ಆದರೆ ಮಾರನೆಯ ದಿನ ನೋಡಿದರೆ ಮೂರು ಮರಿಗಳ ಕಾಲುಗಳು ಎರಡೂ ಕಡೆಗೆ ಚಾಚಿಕೊಂಡಿದ್ದವು. ಏಳಲು ಹೋದರೆ ಜಾರಿ, ಎದೆ ನೆಲಕ್ಕೆ ಬಡಿಯುತ್ತಿತ್ತು. ಉಳಿದ ಮರಿಗಳು ಅವನ್ನು ತುಳಿದುಕೊಂಡೇ ಓಡಾಡುತ್ತಿದ್ದವು.

ಪಕ್ಕದ ಮನೆಯ ಪುಟ್ಟತಾಯಿ ಇಣುಕಿ ನೋಡಿದಳು. "ಬೀಜವೇ ಕೆಟ್ಟದ್ದು ಕಣಕ್ಕ. ಹದ್ದಿಗೆ ಹಾಕು ಅತ್ತ."

ಆ ಮಾತು ಸಿದ್ದಾಜಮ್ಮನ ತಲೆಗೆ ಏರಿತು. ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. "ನಮ್ಮವಳು ಅಂತ ನಂಬಿದರೆ, ನಾದಿನಿ ರೋಗದ ಮೊಟ್ಟೆ ಕೊಟ್ಟು ಕಳಿಸಿದ್ದಾಳೆ!"

ಅಷ್ಟಾದರೂ ಸಿಟ್ಟು ಇಳಿಯಲಿಲ್ಲ. ರಾಚಮ್ಮನ ಮುಖಕ್ಕೇ ಹಿಡಿದು ಕೇಳಬೇಕೆಂದು, ಕುಕ್ಕೆಗೆ ಕೈಗೆ ಸಿಕ್ಕ ಗೋಣಿತುಂಡು ಹಾಕಿ, ಮೂರೂ ಮರಿಗಳನ್ನು ಅದರಲ್ಲಿಟ್ಟು ಹೊರಟಳು.

ಕಾಲುವೆ ಏರಿಯ ಮೇಲೆ ಅರ್ಧ ದಾರಿ ನಡೆದು, ಹೊಂಗೆಮರದ ನೆರಳಲ್ಲಿ ಕುಕ್ಕೆ ಇಳಿಸಿದಳು. ಮುಚ್ಚಿದ ಬಟ್ಟೆ ಸರಿಸಿದರೆ, ಎರಡು ಮರಿಗಳು ನಿಂತಿವೆ! ನಡುಗುತ್ತಿವೆ, ಆದರೆ ಗೋಣಿಯ ಎಳೆಗಳಿಗೆ ಉಗುರು ಊರಿ ನಿಂತಿವೆ. ಒಂದನ್ನು ಎತ್ತಿ ಪಕ್ಕದ ನುಣ್ಣನೆಯ ಚಪ್ಪಡಿಯ ಮೇಲೆ ಬಿಟ್ಟಳು. ಕಾಲು ಸರ್ರನೆ ಅಗಲಕ್ಕೆ ಜಾರಿತು. ಮತ್ತೆ ಗೋಣಿಯ ಮೇಲಿಟ್ಟಳು. ತಡಬಡಿಸಿ ಎದ್ದು ನಿಂತಿತು.

ಸಿದ್ದಾಜಮ್ಮನಿಗೆ ಈಗ ಅರ್ಥವಾಯಿತು. ಮೊಟ್ಟೆಯಲ್ಲಿ ಏನೂ ದೋಷವಿರಲಿಲ್ಲ. ತಾನು ಹಾಸಿದ್ದ ಆ ಹೊಳೆಯುವ ಫ್ಲೆಕ್ಸೇ ಮರಿಗಳ ಕಾಲು ಕೆಡಿಸಿತ್ತು.

ಹಿಂದಕ್ಕೆ ಹೋಗಿಬಿಡಲೇ? ರಾಚಮ್ಮನಿಗೆ ಇನ್ನೂ ಏನೂ ತಿಳಿದಿಲ್ಲವಲ್ಲ. ಆದರೆ ಮೂರನೆಯ ಮರಿ ಗೋಣಿಯ ಮೇಲೂ ಕಾಲು ಚಾಚಿ ಬಿದ್ದು ಚೀಂವ್ ಚೀಂವ್ ಎನ್ನುತ್ತಿತ್ತು. ಅಂಥ ಕಾಲಿಗೆ ಕಟ್ಟು ಕಟ್ಟಲು ಬರುತ್ತಿದ್ದುದು ರಾಚಮ್ಮನಿಗೇ. ಸಿದ್ದಾಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕುಕ್ಕೆ ಎತ್ತಿದಳು. ಹೆಜ್ಜೆ ಮುಂದಕ್ಕೇ ಹಾಕಿದಳು.

"ರಾಚಮ್ಮ, ನಿನ್ನ ಮೊಟ್ಟೆ ಕೆಟ್ಟದ್ದು ಅಂತ ಊರ ತುಂಬ ಆಡಿಬಿಟ್ಟೆ. ಕೆಟ್ಟದ್ದು ನಾನು ಹಾಸಿದ ಹಾಸು," ಎಂದಳು ಹೊಸ್ತಿಲಲ್ಲೇ ನಿಂತು.

"ನೀನು ಆಡಿದ್ದು ನೀನು ಬರೋಕೆ ಮುಂಚೆಯೇ ಫೋನಲ್ಲಿ ಬಂತು ಅತ್ತಿಗೆ," ಎಂದಳು ರಾಚಮ್ಮ. ಅವಳ ಕಣ್ಣು ಕೆಂಪಾಗಿತ್ತು. "ಬಾಗಿಲು ಹಾಕ್ಕೊಂಡು ಒಳಗೇ ಇರೋಣ ಅಂದ್ಕೊಂಡಿದ್ದೆ. ಈ ಮಾತು ನಿನ್ನ ಬಾಯಲ್ಲೇ ಬಂತಲ್ಲ, ಸಾಕು. ಮರಿ ಕೊಡು ಇತ್ತ. ನಮ್ಮ ಜಗಳ ಕಾಯುತ್ತೆ, ಇದರ ಕಾಲು ಕಾಯಲ್ಲ."

ಹಳೆಯ ಹತ್ತಿಸೀರೆಯ ಅಂಚನ್ನು ಸೀಳಿ, ಮರಿಯ ಎರಡು ಕಾಲನ್ನೂ ಮೈ ಕೆಳಗೆ ನೇರಕ್ಕೆ ತಂದು, ನಡುವೆ ಸ್ವಲ್ಪ ಅಂತರ ಬಿಟ್ಟು ಕಟ್ಟಿದಳು. "ಬಿಗಿಯಾದರೆ ಕಾಲು ಊದುತ್ತೆ, ಸಡಿಲಾದರೆ ಜಾರುತ್ತೆ. ದಿನಾ ಬಿಚ್ಚಿ ನೋಡು. ಎಳೇ ಮೂಳೆ, ಈಗ ಹೇಗೆ ನಿಲ್ಲಿಸಿದರೆ ಹಾಗೆ ನಿಲ್ಲುತ್ತೆ. ಬೇರೆ ಮರಿ ತುಳಿಯದ ಹಾಗೆ ಬೇರೆ ಇಡು. ನೀರು, ಕಾಳು ಕೊಕ್ಕಿನ ಹತ್ತಿರವೇ ಹಿಡಿ. ಪಶು ಆಸ್ಪತ್ರೆಯಲ್ಲಿ ಕೇಳಿ ವಿಟಮಿನ್ ಹನಿ ತಂದು ನೀರಿಗೆ ಹಾಕು."

ಸಿದ್ದಾಜಮ್ಮ ಮನೆಗೆ ಬಂದವಳೇ ಫ್ಲೆಕ್ಸು ಎಳೆದು ಹಾಕಿ, ಗೂಡಿಗೆ ಗೋಣಿ ಹಾಸಿ, ನಿಲ್ಲುತ್ತಿದ್ದ ಎರಡು ಮರಿಗಳನ್ನು ಅದರಲ್ಲಿ ಬಿಟ್ಟಳು. ಕಟ್ಟು ಕಟ್ಟಿ ಕುಕ್ಕೆಯಲ್ಲಿ ಬೇರೆ ಇಟ್ಟ ಮರಿ ಮೊದಮೊದಲು ಮಗುಚಿ ಬಿತ್ತು. ಎತ್ತಿ ನಿಲ್ಲಿಸಿದಳು. ಮತ್ತೆ ಬಿತ್ತು. ಮತ್ತೆ ನಿಲ್ಲಿಸಿದಳು. ಕೆಲವು ದಿನ ಕಳೆದು ಕಟ್ಟು ಬಿಚ್ಚಿದಾಗ ಅದು ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ತಾಯಿಯ ಕೂಗು ಕೇಳಿದ ಕಡೆಗೆ ಒಂದೇ ಓಟ ಓಡಿತು.

"ಬೀಜ ಕೆಟ್ಟದ್ದು ಅಂದೆನಲ್ಲ, ಹೇಗಕ್ಕ ಓಡ್ತಿದೆ?" ಎಂದಳು ಪುಟ್ಟತಾಯಿ ಬೆರಗಿನಿಂದ.

"ಬೀಜ ಚೆನ್ನಾಗೇ ಇತ್ತು ಕಣೆ. ನಾನು ನೆಲ ನೋಡಿರಲಿಲ್ಲ, ಅಷ್ಟೇ," ಎಂದಳು ಸಿದ್ದಾಜಮ್ಮ. ಓಣಿಯವರೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು.

ನೀತಿ: ಎಳೆಯ ಜೀವ ಎಡವಿದರೆ ಅದರ ಹುಟ್ಟನ್ನು ಹಳಿಯುವ ಮೊದಲು, ನಾವು ಅದರ ಕಾಲಡಿಗೆ ಏನು ಹಾಸಿದ್ದೇವೆ ಎಂದು ನೋಡಬೇಕು. ತಪ್ಪು ನಮ್ಮದೆಂದು ತಿಳಿದ ಗಳಿಗೆಯಲ್ಲೇ ಒಪ್ಪಿಕೊಂಡರೆ, ತಿದ್ದಲು ಇನ್ನೂ ಹೊತ್ತಿರುತ್ತದೆ.